ಎರಡು ಎಫ್ಫೋ ಮೂರು ಎಫ್ಫೋ: ಬಾಯಿಯಿಂದ ಮದ್ದು ತುಂಬುವ ರೈಫಲ್‌ಗೆ ಕಾಳಿನ ಆಯ್ಕೆ

ಎಲ್ಲರಿಗೂ ನಮಸ್ಕಾರ.

ಮಲೆನಾಡು, ಕೊಡಗಿನ ಕಡೆಯವರಿಗೆ ಕೇಪಿನ ಕೋವಿ ಗೊತ್ತಿರುವುದೇ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜವೆಂಬ ಉದ್ದ ಸರಳಿನಿಂದ ಜಡಿದು, ನಳಿಗೆಯ ಹಿಂಬದಿಯಲ್ಲಿ ತೂತಿರುವ ಪುಟ್ಟ ಮೊಳೆಯಂಥ ನಿಪ್ಪಲ್ ಮೇಲೆ ಕಿಡಿ ಕೊಡುವ ಕೇಪು ಕೂರಿಸಿ ಹೊಡೆಯುವ ಕೋವಿ. ಇವತ್ತಿನ ವಿಷಯ ಅದರ ದಾಯಾದಿಯಾದ ರೈಫಲ್. ಇದರ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ, ಹಾರುವುದು ಒಂದೇ ಗುಂಡು. ಅಮೆರಿಕ, ಯುರೋಪಿನಲ್ಲಿ ಇಂದಿಗೂ ಇದರಲ್ಲಿ ಗುರಿ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಇದಕ್ಕೆ ಬೇಕಾದ ಕಪ್ಪು ಮದ್ದಿನ (ಬ್ಲ್ಯಾಕ್ ಪೌಡರ್) ಡಬ್ಬಿ ಕೊಳ್ಳಲು ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ: ಎರಡು ಎಫ್ ಬೇಕೋ, ಮೂರು ಎಫ್ ಬೇಕೋ?

ಡಬ್ಬಿಯ ಮೇಲಿನ ಎಫ್ ಅಕ್ಷರಗಳು ಮದ್ದಿನ ಕಾಳಿನ ಗಾತ್ರ ಹೇಳುತ್ತವೆ: ಎಫ್ ಹೆಚ್ಚಾದಷ್ಟೂ ಕಾಳು ಸಣ್ಣ. ಅಮೆರಿಕದ ಜರಡಿ ಲೆಕ್ಕದಲ್ಲಿ ಒಂದು ಎಫ್ ಕಾಳು ಸುಮಾರು 1.2ರಿಂದ 1.7 ಮಿಲಿಮೀಟರ್. ಎರಡು ಎಫ್ 0.6ರಿಂದ 1.2, ಮೂರು ಎಫ್ 0.3ರಿಂದ 0.85, ನಾಲ್ಕು ಎಫ್ 0.15ರಿಂದ 0.42. ಎರಡು ಎಫ್‌ನಿಂದ ಮುಂದೆ ಪಕ್ಕಪಕ್ಕದ ಅಳತೆಗಳು ಸ್ವಲ್ಪ ಒಂದರೊಳಗೊಂದು ಸೇರಿಕೊಂಡಿವೆ ಎಂಬುದನ್ನು ಗಮನಿಸಿ.

ಕಾಳು ಉರಿಯುವುದು ಮೇಲ್ಮೈಯಿಂದ ಒಳಕ್ಕೆ. ತೂಕ ಅಷ್ಟೇ ಇದ್ದು ಕಾಳು ಸಣ್ಣದಾದರೆ ಒಟ್ಟು ಮೇಲ್ಮೈ ಹೆಚ್ಚುತ್ತದೆ. ಮದ್ದು ಬೇಗ ಉರಿಯುತ್ತದೆ, ಗುಂಡು ಹೆಚ್ಚು ದೂರ ಸರಿಯುವ ಮೊದಲೇ ಒತ್ತಡ ಏರುತ್ತದೆ. 19ನೇ ಶತಮಾನದ ಮಧ್ಯದಲ್ಲಿ ಅಮೆರಿಕದ ಸೇನಾಧಿಕಾರಿ ಥಾಮಸ್ ರಾಡ್‌ಮನ್ ಭಾರಿ ಫಿರಂಗಿಗಳಿಗೆ ದಪ್ಪ ಕಾಳಿನ ಮದ್ದು ರೂಪಿಸಿದ್ದು ಈ ಕಾರಣಕ್ಕೇ. ಸಣ್ಣ ಕಾಳಿನ ಹಠಾತ್ ಒತ್ತಡಕ್ಕೆ ಫಿರಂಗಿಗಳೇ ಸಿಡಿಯುತ್ತಿದ್ದವು.

ಹಾಗಾಗಿ ರೂಢಿಯ ಲೆಕ್ಕ ಇದು: 0.45 ಇಂಚು ಮತ್ತು ಅದಕ್ಕಿಂತ ಕಿರಿದಾದ ನಳಿಗೆಗೆ ಮೂರು ಎಫ್, 0.50ರಿಂದ ಮೇಲಕ್ಕೆ ಎರಡು ಎಫ್, 0.69, 0.75ರಂಥ ಸೈನಿಕರ ಹಳೇ ಮಸ್ಕೆಟ್ ಕೋವಿಗೆ ಒಂದು ಅಥವಾ ಎರಡು ಎಫ್. ಕಿರಿದಾದ ನಳಿಗೆಯ ಗುಂಡು ಹಗುರ, ಮದ್ದಿಗೆ ತಡೆ ಕಡಿಮೆ. 0.440 ಇಂಚಿನ ಸೀಸದ ಗುಂಡು ಸುಮಾರು 128 ಗ್ರೇನ್ (ಒಂದು ಗ್ರಾಂಗೆ ಸುಮಾರು 15 ಗ್ರೇನ್) ತೂಗಿದರೆ 0.530ರದು 224ರ ಆಸುಪಾಸು. ಹಗುರ ಗುಂಡಿನ ಹಿಂದೆ ದಪ್ಪ ಕಾಳು ಹಾಕಿದರೆ ಅದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಗೆ ಹೋಗಿರುತ್ತದೆ, ನಳಿಗೆಯಲ್ಲಿ ಕಿಟ್ಟ ಉಳಿಯುತ್ತದೆ. ಈ ಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಘನವಸ್ತುವಾಗಿಯೇ ಉಳಿಯುವುದರಿಂದ ಕಿಟ್ಟ ತಪ್ಪಿದ್ದಲ್ಲ. ಆದರೆ ಅದು ಎಷ್ಟು, ಎಂಥದ್ದು ಎಂಬುದು ನಮ್ಮ ಆಯ್ಕೆಯಲ್ಲಿದೆ. 0.50ರಲ್ಲೂ ಮೂರು ಎಫ್ ಬಳಸುವವರು ಸಾಕಷ್ಟು ಜನ ಇದ್ದಾರೆ, ಕಿಟ್ಟ ಕಡಿಮೆ ಎಂಬ ಅವರ ಮಾತು ನಿಜ. ಆದರೆ ಎರಡು ಎಫ್‌ನ ಈಡನ್ನು, ಅಂದರೆ ಒಂದು ಹೊಡೆತಕ್ಕೆ ತುಂಬುವ ಮದ್ದನ್ನು, ಹಾಗೇ ಹಾಕುವಂತಿಲ್ಲ, ಶೇ 10ರಿಂದ 15 ಇಳಿಸಿಯೇ ಶುರು ಮಾಡಬೇಕು.

0.50 ನಳಿಗೆ, 0.490ರ ದುಂಡು ಗುಂಡು, ಗುಂಡಿಗೆ ಸುತ್ತಿ ಇಳಿಸುವ 0.015 ಇಂಚು ದಪ್ಪದ ಹತ್ತಿ ಬಟ್ಟೆಯ ತುಂಡು (ಪ್ಯಾಚು) ಎಂದಿಟ್ಟುಕೊಳ್ಳಿ. ಎರಡು ಎಫ್ 50 ಗ್ರೇನ್, ಅಂದರೆ ಸುಮಾರು 3.2 ಗ್ರಾಂನಿಂದ ಶುರು ಮಾಡಿ. ಮರಳಚೀಲದ ಮೇಲೆ ಕೋವಿ ಇಟ್ಟು ಐದು ಗುಂಡು, ಆಮೇಲೆ 5 ಗ್ರೇನ್ ಏರಿಸಿ ಮತ್ತೆ ಐದು. ಕೋವಿ ತಯಾರಕರು ಹೇಳಿದ ಮಿತಿ ದಾಟಬಾರದು. ಪ್ರತಿ ಹೊಡೆತದ ನಂತರ ತುಸು ಒದ್ದೆ ಬಟ್ಟೆ, ಬಳಿಕ ಒಣ ಬಟ್ಟೆ ಆಡಿಸಿ. ಕಾಳು ಮತ್ತು ತೂಕ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಗುರಿಯ ಮೇಲೆ ಗುಂಡಿನ ತೂತುಗಳ ಗುಂಪು ಚದುರಿದರೆ ಯಾವುದರ ತಪ್ಪೆಂದು ತಿಳಿಯುವುದೇ ಇಲ್ಲ.

ಹಾರಿದ ಪ್ಯಾಚನ್ನು ಹೆಕ್ಕಿ ನೋಡುವುದು ನನ್ನ ಮಟ್ಟಿಗೆ ಕಡ್ಡಾಯ. ನಡುವೆ ಬೂದುಗಪ್ಪು ವೃತ್ತ, ಅಂಚು ಎಳೆ ಬಿಚ್ಚಿದ್ದರೂ ಬಟ್ಟೆ ಇಡಿಯಾಗಿದ್ದರೆ ಸರಿ. ನಡುವೆ ಸುಟ್ಟು ತೂತಾಗಿದ್ದರೆ ಬಿಸಿ ಅನಿಲ ಪಕ್ಕದಿಂದ ನುಗ್ಗುತ್ತಿದೆ: ಪ್ಯಾಚು ತೆಳು, ಇಲ್ಲವೇ ಈಡು ಜಾಸ್ತಿ. ಗುಂಡು ಇಳಿಸುವಾಗ ತಳದ ಹತ್ತಿರ ಗಜ ತಡೆದು ನಿಂತರೆ ಅಲ್ಲೊಂದು ಕಿಟ್ಟದ ಉಂಗುರ ಕಟ್ಟಿದೆ. ಅಲ್ಲೇ ಬಿಟ್ಟು ಹೊಡೆಯಬೇಡಿ. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಗಜಕ್ಕೆ ಗುರುತು ಹಾಕಿಟ್ಟರೆ ಗುಂಡು ತಳ ಮುಟ್ಟಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಹೊಡೆದಾಗ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ತಾನಾಗಿ ಹಿಂದಕ್ಕೆ ಚಿಮ್ಮುತ್ತಿದ್ದರೆ ನಿಪ್ಪಲ್‌ನ ತೂತು ಸವೆದು ಅಗಲವಾಗಿದೆ, ಅಥವಾ ಒತ್ತಡ ಹೆಚ್ಚಾಗಿದೆ.

ಕೇಪು ಸಿಡಿದ ಮೇಲೆ ಅರೆಗಳಿಗೆ ತಡವಾಗಿ ಢಂ ಎನ್ನುವುದಕ್ಕೂ ಕಾಳು ಕಾರಣವಾಗಬಹುದು. ಕೇಪಿನ ಕಿಡಿ ಮದ್ದಿಗೆ ಬರುವ ಕಿರಿದಾದ ದಾರಿಯ ಬಾಯಲ್ಲಿ ದಪ್ಪ ಕಾಳು ಒಂದಕ್ಕೊಂದು ಅಡ್ಡಗಟ್ಟಿ ನಿಲ್ಲುತ್ತದೆ, ಮೂರು ಎಫ್ ಅಲ್ಲಿಗೆ ಇಳಿಯುತ್ತದೆ. ಕೇಪಿನ ಬದಲು ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಸುವ ಚಕಮಕಿ ಕೋವಿಯಲ್ಲಿ, ಕಿಡಿ ಬೀಳುವ ಪುಟ್ಟ ತಟ್ಟೆಗೆ ನಾಲ್ಕು ಎಫ್ ಎರಡು ಮೂರು ಗ್ರೇನ್ ಸಾಕು. ಕಿಡಿ ಒಳಹೋಗುವ ತೂತನ್ನೇ ಮದ್ದಿನಿಂದ ಮುಚ್ಚಬೇಡಿ, ಅದು ಬತ್ತಿಯಂತೆ ಉರಿದು ತಡ ಮಾಡುತ್ತದೆ. ನಾಲ್ಕು ಎಫ್ ಇರುವುದು ತಟ್ಟೆಗೆ ಮಾತ್ರ, ರೈಫಲ್‌ನ ಈಡಿಗಲ್ಲ. ಹೊಗೆ ಬಾರದ ಆಧುನಿಕ ಮದ್ದನ್ನಂತೂ ಈ ಕೋವಿಗೆ ಒಂದು ಚಿಟಿಕೆಯೂ ಹಾಕಕೂಡದು, ಕೈ, ಕಣ್ಣು ಹೋಗುತ್ತವೆ. ಡಬ್ಬಿಯಿಂದಾಗಲಿ ಮದ್ದು ತುಂಬಿಡುವ ಕೊಂಬಿನಿಂದಾಗಲಿ ನೇರ ನಳಿಗೆಗೆ ಸುರಿಯುವುದೂ ಬೇಡ. ಒಳಗೆ ಉಳಿದ ಒಂದು ಕೆಂಡ ಇಡೀ ಡಬ್ಬಿಯನ್ನು ಹೊತ್ತಿಸುತ್ತದೆ. ಅಳತೆ ಕೊಳವೆಗೆ ಸುರಿದು, ಅದರಿಂದಲೇ ಹಾಕಿ.

ಪೈರೋಡೆಕ್ಸ್‌ನಂಥ ಬದಲಿ ಮದ್ದಿನಲ್ಲಿ ಆರ್‌ಎಸ್ ಎಂದರೆ ಎರಡು ಎಫ್‌ಗೆ ಸಮ, ಪಿ ಎಂದರೆ ಮೂರಕ್ಕೆ. ಅದು ಹಗುರ, ಆದ್ದರಿಂದ ತೂಗದೆ ಅಳತೆ ಕೊಳವೆಯಲ್ಲೇ ಅಳೆಯಬೇಕು. ಹೊತ್ತಿಕೊಳ್ಳಲು ಹೆಚ್ಚು ಬಿಸಿ ಬೇಕಾದ್ದರಿಂದ ಚಕಮಕಿ ಕೋವಿಗೆ ಒಗ್ಗದು.

ಡಬ್ಬಿಯ ಮೇಲಿನ ಎಫ್ ಒಂದೇ ಆದರೂ ಕಂಪನಿಯಿಂದ ಕಂಪನಿಗೆ ಶಕ್ತಿ ಬೇರೆ. ಸ್ವಿಸ್ ಮದ್ದಿಗೆ ನಂಬರಿನ ಹೆಸರು: 2 ಎಂದರೆ ಮೂರು ಎಫ್, 3 ಎಂದರೆ ಎರಡು ಎಫ್. ಮೇಲಾಗಿ ಅದು ಬಿರುಸು. ಹಾಗಾಗಿ ಕಂಪನಿ ಬದಲಿಸಿದ ದಿನ ಈಡನ್ನು ಶೇ 10 ಇಳಿಸಿ, ಐದೈದು ಗುಂಡಿನ ಪರೀಕ್ಷೆಯನ್ನು ಮೊದಲಿಂದ ಮಾಡಿ.