ಚೀಲದಲ್ಲಿದ್ದ ಮೂರು ಕಲ್ಲು

ನಮಸ್ಕಾರ.

1901ರ ಡಿಸೆಂಬರ್ 10, ಟೋಕಿಯೋ. ಸಂಸತ್ತಿನ ಅಧಿವೇಶನ ಆರಂಭಿಸಿ ಮೇಜಿ ಚಕ್ರವರ್ತಿ ಸಾರೋಟಿನಲ್ಲಿ ಅರಮನೆಗೆ ಹೊರಟಿದ್ದಾರೆ. ಅರವತ್ತರ ಮುದುಕರೊಬ್ಬರು ಅರ್ಜಿ ಹಿಡಿದು ಸಾರೋಟಿನ ಕಡೆ ಓಡುತ್ತಾರೆ. ಮುಗ್ಗರಿಸುತ್ತಾರೆ. ಪೊಲೀಸರು ಹಿಡಿದುಕೊಳ್ಳುತ್ತಾರೆ. ಆಮೇಲೆ ತಲೆಕೆಟ್ಟವನು ಅಂತ ಕೇಸೂ ಹಾಕದೆ ಬಿಟ್ಟುಬಿಡುತ್ತಾರೆ.

ತಲೆಯೇನೂ ಕೆಟ್ಟಿರಲಿಲ್ಲ. ಅವರು ತಾನಾಕಾ ಶೋಜೋ. ಹತ್ತು ವರ್ಷ ಸಂಸತ್ತಿನಲ್ಲಿ ಒಂದೇ ಪ್ರಶ್ನೆ ಕೇಳಿ ಕೇಳಿ ಸಾಕಾಗಿ, ಆಗಷ್ಟೇ ರಾಜೀನಾಮೆ ಕೊಟ್ಟಿದ್ದರು.

ಪ್ರಶ್ನೆ ಅಶಿಯೋ ತಾಮ್ರದ ಗಣಿಯದ್ದು. ಹೊಸ ಜಪಾನಿಗೆ ತಾಮ್ರ ಬೇಕಿತ್ತು. ತಂತಿಗೆ ಬೇಕು, ಹೊರದೇಶಕ್ಕೆ ಮಾರೋದಕ್ಕೂ ಬೇಕು. ಅದಿರು ಕರಗಿಸಲು ಬೆಟ್ಟದ ಕಾಡು ಕಡಿದರು. ಉಳಿದ ಮರಗಳು ಹೊಗೆಗೇ ಒಣಗಿದವು. ಬೋಳು ಬೆಟ್ಟ ಮಳೆನೀರು ಹಿಡಿದಿಡುತ್ತದೆಯೇ? ವತರಾಸೆ ನದಿಗೆ ನೆರೆ ಮೇಲೆ ನೆರೆ. ಮೊದಲೆಲ್ಲ ನೆರೆ ಇಳಿದರೆ ಗದ್ದೆಯಲ್ಲಿ ಒಳ್ಳೆ ಮೆಕ್ಕಲು ಮಣ್ಣು ಉಳಿಯುತ್ತಿತ್ತು. ಈಗ ಗಣಿಯ ವಿಷ ಉಳಿಯಿತು. ಮೀನು ಸತ್ತವು, ಭತ್ತ ಸೀದುಹೋಯಿತು.

1891ರಲ್ಲಿ ತಾನಾಕಾ ಮೊದಲ ಸಲ ಈ ಪ್ರಶ್ನೆ ಎತ್ತಿದಾಗ ಕೃಷಿ-ವಾಣಿಜ್ಯ ಮಂತ್ರಿಯಾಗಿದ್ದವರು ಮುತ್ಸು ಮುನೆಮಿತ್ಸು. ಅವರ ಎರಡನೇ ಮಗ ಗಣಿ ಮಾಲೀಕ ಫುರುಕಾವಾ ಇಚಿಬೇ ಅವರಿಗೆ ದತ್ತು ಹೋಗಿದ್ದ. ಇನ್ನು ಎಂಥ ಉತ್ತರ ಬಂದೀತು, ನೀವೇ ಹೇಳಿ!

ರೈತರು ಸುಮ್ನೆ ಕೂರಲಿಲ್ಲ. ಗುಂಪು ಕಟ್ಟಿಕೊಂಡು ರಾಜಧಾನಿಗೆ ನಡೆದೇ ಹೊರಡುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು 'ಓಶಿದಾಶಿ', ಅಂದರೆ ನುಗ್ಗಿ ಹೊರಡೋದು. 1900ರ ಫೆಬ್ರವರಿ 13ರಂದು ಕವಾಮಾತಾದಲ್ಲಿ ಪೊಲೀಸರು ಅವರನ್ನು ತಡೆದು ಹೊಡೆದರು, ಹಲವರನ್ನು ಜೈಲಿಗೆ ತಳ್ಳಿದರು.

ಕೊನೆಗೆ ಸರ್ಕಾರ ಕಂಡುಕೊಂಡ ಪರಿಹಾರ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗಣಿ ಹಾಗೇ ನಡೆಯಿತು. ನೆರೆ ತಡೆಯುವ ಹೆಸರಿನಲ್ಲಿ ನದಿದಂಡೆಯ ಯನಾಕಾ ಹಳ್ಳಿಯನ್ನೇ ಮುಳುಗಡೆಗೆ ಬರೆದರು. ಬಹಳ ಜನ ಬಿಟ್ಟುಹೋದರು. ಹದಿನಾರು ಮನೆಯವರು ಮಾತ್ರ ಕದಲಲಿಲ್ಲ. 1907ರಲ್ಲಿ ಆ ಮನೆಗಳನ್ನೂ ಕೆಡವಿದಾಗ, ಅಲ್ಲೇ ಗುಡಿಸಲು ಹಾಕಿಕೊಂಡು ಕೂತರು. ತಾನಾಕಾ 1904ರಿಂದಲೇ ಅವರ ಜೊತೆ ಆ ಹಳ್ಳಿಗೆ ಬಂದಿದ್ದರು.

1913ರ ಸೆಪ್ಟೆಂಬರ್ 4ರಂದು ತೀರಿಕೊಂಡರು. ಮನೆ, ಆಸ್ತಿ ಏನೂ ಉಳಿದಿರಲಿಲ್ಲ. ಒಂದು ಬಟ್ಟೆ ಚೀಲವಿತ್ತು. ಅದರಲ್ಲಿ ಡೈರಿ, ಬೈಬಲ್ಲಿನ ಹೊಸ ಒಡಂಬಡಿಕೆ, ದೇಶದ ಸಂವಿಧಾನದ ಪ್ರತಿ. ಜೊತೆಗೆ ಮೂರು ಸಣ್ಣ ಕಲ್ಲು. ದಾರಿಯಲ್ಲಿ ಕಲ್ಲು ಆರಿಸಿಕೊಳ್ಳೋದು ಅವರಿಗೆ ಇಷ್ಟವಿತ್ತಂತೆ.