ಗಿರವಿ ಅಂಗಡಿಯ ಉಂಗುರ

ಕೇಳುಗರಿಗೆ ನಮಸ್ಕಾರ.

ಯುಗಳಗೀತೆ ಅಂದ ಕೂಡಲೇ ನಮಗೆ ನೆನಪಾಗುವುದು ಸಿನಿಮಾ ಹಾಡು. ಪರದೆಯ ಮೇಲೆ ರಾಜ್‌ಕುಮಾರ್, ಕಂಠ ಪಿ.ಬಿ. ಶ್ರೀನಿವಾಸರದು, ನಾಯಕಿಗೆ ಎಸ್. ಜಾನಕಿಯವರ ದನಿ. ಪ್ರೀತಿಸುವವರು ಇಬ್ಬರು, ಹಾಡುವವರು ಬೇರೆ ಇಬ್ಬರು. ಹಾಡಿದವರ ಸಂಸಾರ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದಲ್ಲಿ ಗಾಯಕರಿಗೆ ಈ ಮರೆ ಇಲ್ಲ. ಗಂಡ ಹೆಂಡತಿ ಒಟ್ಟಿಗೆ ನಿಂತು ಪ್ರೀತಿಯ ಹಾಡು ಹಾಡಿದರೆ, ಕೇಳುವವರು ಸೀದಾ ಅವರ ಮನೆಯೊಳಗೇ ಇಣುಕುತ್ತಾರೆ.

ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ ದಂಪತಿಯ ವಿಷಯದಲ್ಲಂತೂ ಹೀಗೆ ಇಣುಕಿದವರಿಗೆ ಲೆಕ್ಕವಿಲ್ಲ. ಜೋನ್ಸ್ ಟೆಕ್ಸಸ್‌ನವರು, 1931ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಬೋಮಾಂಟ್ ಊರಿನ ಬೀದಿಗಳಲ್ಲಿ ಗಿಟಾರ್ ಹಿಡಿದು ಚಿಲ್ಲರೆ ಕಾಸಿಗೆ ಹಾಡುತ್ತಿದ್ದರು. ಟ್ಯಾಮಿ ಅವರಿಗಿಂತ ಹನ್ನೊಂದು ವರ್ಷ ಚಿಕ್ಕವರು. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ಬೆಳೆದು, ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡಿ, 1966ರಲ್ಲಿ ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ಗೆ ಬಂದರು. ದೊಡ್ಡ ಹೆಸರು ಬಂದ ಮೇಲೂ ಕೇಶ ಶೃಂಗಾರದ ಲೈಸೆನ್ಸನ್ನು ಮಾತ್ರ ತಪ್ಪದೆ ನವೀಕರಿಸುತ್ತಿದ್ದರು. ಹಾಡು ಕೈಕೊಟ್ಟರೂ ಕತ್ತರಿ ಕೈಬಿಡಬಾರದಲ್ಲ! ಜೋನ್ಸ್ ಅವರ ರೆಕಾರ್ಡುಗಳನ್ನು ಮೊದಲಿನಿಂದಲೂ ಮೆಚ್ಚಿಕೊಂಡು ಕೇಳಿದ್ದ ಹೆಣ್ಣುಮಗಳು ಅವರನ್ನೇ 1969ರಲ್ಲಿ ಮದುವೆಯಾದರು.

ಜೋಡಿಯ ರೆಕಾರ್ಡುಗಳಿಗೆ ನಿರ್ಮಾಪಕರು ಬಿಲ್ಲಿ ಶೆರಿಲ್. ಜೋನ್ಸ್ ಒಂದು ಸ್ವರವನ್ನು ನೇರವಾಗಿ ಹಿಡಿಯುವವರಲ್ಲ. ಕೆಳಗಿನಿಂದ ಜಾರಿಸಿಕೊಂಡು ಬಂದು, ಹಲ್ಲು ಕಚ್ಚಿದಂತೆ ಮಾತನ್ನು ಹಿಂಡಿ, ಆಮೇಲೆ ಬಿಡುತ್ತಾರೆ. ಟ್ಯಾಮಿಯ ದನಿಯೋ, ಮೇಲೇರುವಾಗ ಗಂಟಲಲ್ಲಿ ಅಳು ತಡೆದುಕೊಂಡ ಹಾಗೆ. ಇಬ್ಬರೂ ಒಬ್ಬರಿಗೊಬ್ಬರು ಸೋಲುವವರಲ್ಲ.

ಮನೆಯಲ್ಲಿ ಮಾತ್ರ ಜೋನ್ಸ್ ಅವರ ಕುಡಿತ ಎಲ್ಲವನ್ನೂ ನುಂಗುತ್ತಿತ್ತು. 1973ರಲ್ಲಿ ಟ್ಯಾಮಿ ವಿಚ್ಛೇದನಕ್ಕೆ ಅರ್ಜಿ ಹಾಕಿ, ಮತ್ತೆ ರಾಜಿಯಾದರು. ಅದೇ ವರ್ಷ ಬಂದ ಹಾಡು ‘ವಿ ಆರ್ ಗೊನ್ನ ಹೋಲ್ಡ್ ಆನ್’. ಏನೇ ಆಗಲಿ, ನಾವಿಬ್ಬರೂ ಕೈ ಬಿಡುವುದಿಲ್ಲ ಎನ್ನುವ ಹಾಡು. ಜನ ಅದನ್ನು ನಂಬಿದರು, ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿಸಿದರು. ನನಗೆ ಅದರಲ್ಲಿ ಕೊಂಚ ಹಟ ಕೇಳಿಸುತ್ತದೆ, ಪ್ರೀತಿಗಿಂತ ಹೆಚ್ಚಾಗಿ.

1975ರಲ್ಲಿ ಇಬ್ಬರೂ ಬೇರೆಯಾದರು. ಅವರ ಅತ್ಯುತ್ತಮ ದಾಂಪತ್ಯಗೀತೆ ಬಂದದ್ದು ಅದರ ಮರುವರ್ಷ! ‘ಗೋಲ್ಡನ್ ರಿಂಗ್’. ಶಿಕಾಗೋದ ಒಂದು ಗಿರವಿ ಅಂಗಡಿಯಲ್ಲಿ ಹುಡುಗ ಹುಡುಗಿ ಉಂಗುರ ಆರಿಸುತ್ತಾರೆ. ಆಮೇಲೆ ಸಣ್ಣದೊಂದು ಚಾಪೆಲ್‌ನಲ್ಲಿ ಮದುವೆ. ಮುಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಜಗಳ. ಅವಳು ಉಂಗುರ ಎಸೆದು ಹೊರಡುತ್ತಾಳೆ. ಕೊನೆಗೆ ಉಂಗುರ ಮತ್ತೆ ಗಿರವಿ ಅಂಗಡಿಗೇ ಬರುತ್ತದೆ. ಒಂದು ಸಂಸಾರದ ಪೂರ್ತಿ ಆಯುಸ್ಸು ಸುಮಾರು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಪ್ರೀತಿ ಇಲ್ಲದಿದ್ದರೆ ಉಂಗುರ ಬರೀ ತಣ್ಣನೆಯ ಲೋಹ ಅಂತ ಪಲ್ಲವಿ ಹೇಳುತ್ತದೆ. ತಮಾಷೆ ಅಂದರೆ ಹಾಡಿನ ಲಯದಲ್ಲಿ ಅಳುವೇ ಇಲ್ಲ. ಚರ್ಚಿನಲ್ಲಿ ಭಜನೆಗೆ ಸೇರಿದವರ ಹುರುಪಿನಲ್ಲಿ ಸಾಗುತ್ತದೆ.

ಕೇಳುಗರು ಇದನ್ನು ಜಾರ್ಜ್ ಮತ್ತು ಟ್ಯಾಮಿಯ ಆತ್ಮಕಥೆ ಎಂದೇ ತಿಳಿದರು. ಆದರೆ ಬರೆದವರು ಬಾಬಿ ಬ್ರಾಡಕ್ ಮತ್ತು ರೇಫ್ ವ್ಯಾನ್ ಹೋಯ್. ಒಂದು ಪಿಸ್ತೂಲು ಕೈಯಿಂದ ಕೈಗೆ ಹೋಗುವ ಟಿವಿ ನಾಟಕ ನೋಡಿ ಬ್ರಾಡಕ್‌ಗೆ ಈ ಯೋಚನೆ ಹೊಳೆಯಿತಂತೆ. ಪಿಸ್ತೂಲಿನ ಜಾಗಕ್ಕೆ ಉಂಗುರ ಬಂತು, ಅಷ್ಟೆ. ಆದ್ದರಿಂದ ಹಾಡಿನಲ್ಲಿ ಹಾಡಿದವರ ಬದುಕನ್ನು ಹುಡುಕಬೇಡಿ ಎಂದು ಹೇಳುವುದು ನ್ಯಾಯವೇ. ಆದರೂ, ಬೇರೆಯಾಗಿ ವರ್ಷ ಕಳೆದ ಇಬ್ಬರು ಒಂದೇ ಪಲ್ಲವಿಯನ್ನು ಎತ್ತಿಕೊಂಡಾಗ ಯಾವ ಕಿವಿ ಸುಮ್ಮನಿರುತ್ತದೆ, ಹೇಳಿ?

ಆ ಹಾಡೂ ಮೊದಲ ಸ್ಥಾನಕ್ಕೆ ಹೋಯಿತು. ಅಲ್ಲಿಗೆ ಜೋಡಿ ನಿಲ್ಲಲಿಲ್ಲ. 1980ರಲ್ಲಿ ಇನ್ನೊಂದು ಆಲ್ಬಂ ಬಂತು. 1995ರಲ್ಲಿ ‘ಒನ್’ ಎಂಬ ಆಲ್ಬಂಗೆ ಇಬ್ಬರೂ ಮತ್ತೆ ಸ್ಟುಡಿಯೋಗೆ ಬಂದರು. ಅಷ್ಟು ಹೊತ್ತಿಗೆ ಟ್ಯಾಮಿ ಜಾರ್ಜ್ ರಿಚಿಯನ್ನು, ಜೋನ್ಸ್ ನ್ಯಾನ್ಸಿಯನ್ನು ಮದುವೆಯಾಗಿ ಹತ್ತು ವರ್ಷದ ಮೇಲಾಗಿತ್ತು. ಮೂರು ವರ್ಷಕ್ಕೆ ಟ್ಯಾಮಿ ತೀರಿಕೊಂಡರು, 55ರ ವಯಸ್ಸಿನಲ್ಲಿ. ಜೋನ್ಸ್ 2013ರವರೆಗೆ ಇದ್ದರು.

ನಮಸ್ಕಾರ.