ಐಮ್ಯಾಕ್: ಮುಟ್ಟಿ ನೋಡೆಂದು ಕರೆದ ಕಂಪ್ಯೂಟರ್

ಇಂದು ಕ್ಯಾಮೆರಾವನ್ನು ಮೊದಲು ಈ ಕಂಪ್ಯೂಟರಿನ ಹಿಂಭಾಗಕ್ಕೆ ಹಿಡಿಯುತ್ತಿದ್ದೇನೆ. ಸಾಮಾನ್ಯವಾಗಿ ಕಂಪ್ಯೂಟರನ್ನು ಗೋಡೆಗೆ ಬೆನ್ನು ಮಾಡಿ ಇಡುತ್ತೇವೆ. ಹಿಂದಿನ ತಂತಿಗಳೂ ಸ್ಕ್ರೂಗಳೂ ಯಾರ ಕಣ್ಣಿಗೂ ಬೀಳಬಾರದೆಂಬುದು ನಮ್ಮ ಆಸೆ. ಆದರೆ 1998ರ ಈ ಐಮ್ಯಾಕ್‌ನ ಹಿಂಭಾಗವು ಅರೆಪಾರದರ್ಶಕ ಪ್ಲಾಸ್ಟಿಕ್ಕಿನಿಂದ ಮಾಡಿದ ದುಂಡನೆಯ ಚಿಪ್ಪು. ಬಣ್ಣ ಕಡಲಿನ ನೀಲಿಹಸಿರು. ಸಿಡ್ನಿಯ ಬಾಂಡೈ ಕಡಲತೀರದ ಹೆಸರನ್ನೇ ಅದಕ್ಕೆ ಇಡಲಾಗಿತ್ತು. ಬೆಳಕು ಬಿದ್ದಾಗ ಒಳಗಿನ ಭಾಗಗಳು ಮಸುಕಾಗಿ ಕಾಣುತ್ತವೆ, ಮೇಲ್ತುದಿಯಲ್ಲಿ ಕೈಹಾಕಿ ಎತ್ತಲು ಒಂದು ಹಿಡಿ ಇದೆ. ಹಳೆಯ ಎಲೆಕ್ಟ್ರಾನಿಕ್ ಸಾಮಾನು ಮಾರುವವರೊಬ್ಬರಿಂದ ಇದನ್ನು ಕೊಂಡು ತಂದ ದಿನದಿಂದ ನಾನು ಪರದೆಗಿಂತ ಈ ಬೆನ್ನನ್ನೇ ಹೆಚ್ಚು ನೋಡಿದ್ದೇನೆ. ಬೇರೆಯವರ ಕಂಪ್ಯೂಟರುಗಳ ಮುಖಕ್ಕಿಂತ ಇದರ ಬೆನ್ನೇ ಚೆಂದ ಎಂಬ ಅರ್ಥದ ಮಾತನ್ನು, ಇದನ್ನು ತಯಾರಿಸಿದ ಆಪಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ಅವರೂ ಇದನ್ನು ಅನಾವರಣ ಮಾಡಿದ ದಿನ ಹೇಳಿದ್ದರು.

ಆ ಹೊತ್ತಿಗೆ ಆಪಲ್ ಕಂಪನಿ ಎಂತಹ ಸ್ಥಿತಿಯಲ್ಲಿತ್ತೆಂಬುದನ್ನು ನೆನೆದರೆ ಈ ಬಣ್ಣ ಹಚ್ಚಲು ಬೇಕಾಗಿದ್ದ ಧೈರ್ಯ ಅರ್ಥವಾಗುತ್ತದೆ. 1996ರ ಹಣಕಾಸು ವರ್ಷದಲ್ಲಿ 81.6 ಕೋಟಿ ಡಾಲರ್ ನಷ್ಟ ಅನುಭವಿಸಿದ್ದ ಕಂಪನಿಯು ಮರುವರ್ಷ ನೂರು ಕೋಟಿ ಡಾಲರಿಗೂ ಮಿಕ್ಕಿ ಕಳೆದುಕೊಂಡಿತು. ಅದರ ಕಂಪ್ಯೂಟರುಗಳು ಅಂಗಡಿಗಳಲ್ಲಿ ಅಂಕಿಗಳನ್ನೇ ಹೆಸರಾಗಿ ಹೊತ್ತು ಸಾಲುಗಟ್ಟಿ ನಿಂತಿದ್ದವು. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಕೊಳ್ಳಲು ಬಂದವರಿಗೆ ವಿವರಿಸುವುದೇ ಕಷ್ಟವಾಗಿತ್ತು. 1985ರಲ್ಲಿ ಆಪಲ್ ಬಿಟ್ಟು ಹೊರನಡೆದಿದ್ದ ಜಾಬ್ಸ್, ತಮ್ಮ ನೆಕ್ಸ್ಟ್ ಕಂಪನಿಯನ್ನು ಆಪಲ್ ಕೊಂಡುಕೊಂಡಾಗ ಮರಳಿ ಬಂದು, 1997ರ ಸೆಪ್ಟೆಂಬರಿನಲ್ಲಿ ಹಂಗಾಮಿ ಸಿಇಒ ಆದರು. ಅದಕ್ಕೂ ಒಂದು ತಿಂಗಳ ಹಿಂದೆ ಎದುರಾಳಿಯಾದ ಮೈಕ್ರೋಸಾಫ್ಟ್ 15 ಕೋಟಿ ಡಾಲರ್ ಹೂಡಲು ಒಪ್ಪಿದ್ದನ್ನು ಅವರು ವೇದಿಕೆಯ ಮೇಲೆ ಪ್ರಕಟಿಸಿದಾಗ ಸಭಿಕರಲ್ಲಿ ಹಲವರು ಕೂಗಿ ಅಸಮಾಧಾನ ತೋರಿದ್ದರು.

ಐಮ್ಯಾಕ್ ಒಂದೇ ಈ ಕಂಪನಿಯನ್ನು ಬದುಕಿಸಿತು ಎಂಬ ಕಥೆಯನ್ನು ನೀವೂ ಕೇಳಿರಬಹುದು, ಆದರೆ ಲೆಕ್ಕದ ಪುಸ್ತಕ ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. 1998ರ ಸೆಪ್ಟೆಂಬರಿನಲ್ಲಿ ಮುಗಿದ ವರ್ಷದಲ್ಲಿ ಆಪಲ್ 30.9 ಕೋಟಿ ಡಾಲರ್ ಲಾಭ ಗಳಿಸಿತಾದರೂ, ಐಮ್ಯಾಕ್ ಅಂಗಡಿಗೆ ಬಂದದ್ದು ಆಗಸ್ಟ್ 15ರಂದು, ಎಂದರೆ ಆ ವರ್ಷದ ಕೊನೆಯ ಆರು ವಾರಗಳಿಗೆ ಮಾತ್ರ. ಅದಕ್ಕೂ ಮೊದಲೇ ಜಾಬ್ಸ್ ಬಹುಪಾಲು ಮಾದರಿಗಳನ್ನು ಕೈಬಿಟ್ಟು, ಮನೆಬಳಕೆಗೆ ಎರಡು, ವೃತ್ತಿಪರರಿಗೆ ಎರಡು ಎಂದು ನಾಲ್ಕೇ ಮನೆಗಳ ಚೌಕವನ್ನು ಬರೆದಿದ್ದರು. ಆ ವರ್ಷವೇ ಕಂಪನಿ ಸೇರಿ, ಮುಂದೆ ಅದರ ಸಿಇಒ ಆದ ಟಿಮ್ ಕುಕ್ ಗೋದಾಮುಗಳಲ್ಲಿ ಕೊಳೆಯುತ್ತಿದ್ದ ದಾಸ್ತಾನನ್ನು ಕರಗಿಸತೊಡಗಿದ್ದರು. ಹೀಗೆ ನಷ್ಟ ನಿಂತಿತು, ಆದರೆ ವ್ಯಾಪಾರ ಬೆಳೆಯಲಿಲ್ಲ: ಹಿಂದಿನ ವರ್ಷ ಸುಮಾರು 708 ಕೋಟಿ ಡಾಲರಿದ್ದ ಒಟ್ಟು ಮಾರಾಟ 594 ಕೋಟಿಗೆ ಇಳಿದಿತ್ತು. ಖರ್ಚು ಕಡಿತದಿಂದ ಒಂದು ಕಂಪನಿ ಉಸಿರಾಡಬಹುದು, ಆದರೆ ಅದರ ಅಂಗಡಿಗೆ ಹೊಸಬರು ಬರಲು ಬೇರೆಯದೇ ಕಾರಣ ಬೇಕು. ಆ ಕಾರಣವೇ ಈ ಮೇಜಿನ ಮೇಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಹಿಡಿಯನ್ನು ಹತ್ತಿರದಿಂದ ನೋಡಿ. ಇದರ ತೂಕ ಸುಮಾರು 17 ಕಿಲೋ. ಹದಿನೈದು ಇಂಚಿನ ಪಿಕ್ಚರ್ ಟ್ಯೂಬ್ ಒಳಗಿರುವ ಇಂತಹ ಭಾರದ ಪೆಟ್ಟಿಗೆಯನ್ನು ಯಾರೂ ದಿನಾ ಎತ್ತಿಕೊಂಡು ತಿರುಗುವುದಿಲ್ಲ. ಹಾಗಾದರೆ ಹಿಡಿ ಏತಕ್ಕೆ? ವಿನ್ಯಾಸ ತಂಡದ ಮುಖ್ಯಸ್ಥರಾಗಿದ್ದ ಜೋನಿ ಐವ್ ನೀಡಿದ ವಿವರಣೆ ನನಗೆ ಬಹಳ ಪ್ರಿಯವಾದುದು. ಆ ಕಾಲದಲ್ಲಿ ಜನರಿಗೆ ಕಂಪ್ಯೂಟರ್ ಎಂದರೆ ಅಳುಕು, ಅಳುಕಿರುವ ವಸ್ತುವನ್ನು ಯಾರೂ ಮುಟ್ಟುವುದಿಲ್ಲ, ಹಿಡಿಯೊಂದು ಕಂಡರೆ ಮುಟ್ಟಬಹುದು ಎಂಬ ಅನುಮತಿ ಸಿಕ್ಕಂತಾಗುತ್ತದೆ ಎಂಬುದು ಅವರ ಮಾತಿನ ಸಾರ. ನೀರಿನ ಕೊಡದ ಹಿಡಿ ನೋಡಿದೊಡನೆ ನಾವು ಕೈ ಚಾಚುತ್ತೇವಲ್ಲ, ಅದೇ ಸಹಜ ಚಲನೆಯನ್ನು ಇಲ್ಲಿ ಉದ್ದೇಶಪೂರ್ವಕವಾಗಿ ಬಳಸಿಕೊಳ್ಳಲಾಗಿದೆ. ಚಿಪ್ಪಿನ ಅರೆಪಾರದರ್ಶಕತೆಯೂ ಅಂಥದ್ದೇ ಕೆಲಸ ಮಾಡುತ್ತದೆ. ಒಳಗೇನಿದೆ ಎಂಬುದು ಸ್ವಲ್ಪವಾದರೂ ಕಾಣುವ ಯಂತ್ರ ಅಷ್ಟಾಗಿ ಹೆದರಿಸುವುದಿಲ್ಲ.

ಅಂತಹ ಪ್ಲಾಸ್ಟಿಕ್ಕನ್ನು ಎಲ್ಲ ಪೆಟ್ಟಿಗೆಗಳಲ್ಲೂ ಒಂದೇ ಹದದಲ್ಲಿ, ಒಂದೇ ಬಣ್ಣದಲ್ಲಿ ಅಚ್ಚು ಹಾಕುವುದು ಸುಲಭವಾಗಿರಲಿಲ್ಲ, ಅಗ್ಗವೂ ಆಗಿರಲಿಲ್ಲ. ಬಣ್ಣವಿದ್ದೂ ಬೆಳಕು ಹಾಯಿಸುವ ಪದಾರ್ಥವನ್ನು ಅರಿಯಲು ವಿನ್ಯಾಸಕರು ಜೆಲ್ಲಿ ಮಿಠಾಯಿ ಮಾಡುವ ಕಾರ್ಖಾನೆಗೂ ಹೋಗಿಬಂದಿದ್ದರೆಂದು ದಾಖಲಾಗಿದೆ. ಈ ವಿನ್ಯಾಸವನ್ನು ತೋರಿಸಿದಾಗ ಎಂಜಿನಿಯರುಗಳು ಇದು ಆಗದೆನ್ನಲು 38 ಕಾರಣಗಳನ್ನು ಮುಂದಿಟ್ಟರೆಂದೂ, ಆಗುತ್ತದೆಂದು ತಾವೇ ಪಟ್ಟು ಹಿಡಿದೆವೆಂದೂ ಜಾಬ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ. ನೂರು ಕೋಟಿ ನಷ್ಟದಿಂದ ಆಗಷ್ಟೇ ಏಳುತ್ತಿದ್ದ ಕಂಪನಿಯೊಂದು ಪೆಟ್ಟಿಗೆಯ ಬೆನ್ನಿಗಾಗಿ ಇಷ್ಟು ಹಣ, ಇಷ್ಟು ಹಟ ಸುರಿದದ್ದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬಿಟ್ಟುಕೊಟ್ಟದ್ದೂ ಕಡಿಮೆಯಿಲ್ಲ. ಮುಂಭಾಗದಲ್ಲಿ ಸಿಡಿ ಹಾಕುವ ಜಾಗವಿದೆ, ಫ್ಲಾಪಿಗೆ ಜಾಗವಿಲ್ಲ; ಎಲ್ಲರ ಕಡತಗಳೂ ಫ್ಲಾಪಿಯಲ್ಲೇ ಓಡಾಡುತ್ತಿದ್ದ ದಿನಗಳಲ್ಲಿ ಇದು ಕಟುವಾದ ಟೀಕೆಗೆ ಗುರಿಯಾಯಿತು. ಪಕ್ಕದ ಪುಟ್ಟ ಬಾಗಿಲು ತೆರೆದರೆ ಹಳೆಯ ಮ್ಯಾಕ್‌ಗಳ ಸಂಪರ್ಕ ಕಿಂಡಿಗಳ ಬದಲು, ಆಗಿನ್ನೂ ಹೆಚ್ಚು ಬಳಕೆಗೆ ಬರದಿದ್ದ ಯುಎಸ್‌ಬಿ ಕಿಂಡಿಗಳು ಎರಡಿವೆ. ಅದರ ಜತೆಗೆ ಮೋಡೆಮ್ ಒಳಗೇ ಇದ್ದುದರಿಂದ, ವಿದ್ಯುತ್ತಿನ ತಂತಿಯನ್ನೂ ಟೆಲಿಫೋನ್ ತಂತಿಯನ್ನೂ ಸಿಕ್ಕಿಸಿದರೆ ಅಂತರ್ಜಾಲಕ್ಕೆ ದಾರಿ ತೆರೆಯುತ್ತಿತ್ತು. ಹೆಸರಿನ ಮೊದಲಿರುವ ‘ಐ’ ಮುಖ್ಯವಾಗಿ ಸೂಚಿಸಿದ್ದು ಇಂಟರ್ನೆಟ್ಟನ್ನೇ.

1998ರ ಮೇ 6ರಂದು ಕ್ಯುಪರ್ಟಿನೋದ ಫ್ಲಿಂಟ್ ಸೆಂಟರಿನಲ್ಲಿ, 1984ರಲ್ಲಿ ಮೊದಲ ಮ್ಯಾಕಿಂಟಾಷ್ ಅನಾವರಣಗೊಂಡಿದ್ದ ಅದೇ ಸಭಾಂಗಣದಲ್ಲಿ, ಜಾಬ್ಸ್ ಇದರ ಮೇಲಿನ ಬಟ್ಟೆಯನ್ನು ಸರಿಸಿದರು. ಬೆಲೆ 1,299 ಡಾಲರ್. ಮೊದಲ ಆರು ವಾರಗಳಲ್ಲಿ 2,78,000, ವರ್ಷದ ಕೊನೆಯ ವೇಳೆಗೆ ಸುಮಾರು 8,00,000 ಯಂತ್ರಗಳು ಮಾರಾಟವಾದವು. ಅದಕ್ಕಿಂತ ನನಗೆ ಮುಖ್ಯವೆನಿಸುವ ಸಂಗತಿ, ಕೊಂಡವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರಿಗೆ ಇದೇ ಮೊದಲ ಕಂಪ್ಯೂಟರಾಗಿತ್ತು. ಹಿಡಿ ಯಾರಿಗಾಗಿ ಇತ್ತೋ ಅವರೇ ಬಂದಿದ್ದರು. 1999ರ ಜನವರಿಯಲ್ಲಿ ಹಣ್ಣುಗಳ ಹೆಸರಿನ ಐದು ಬಣ್ಣಗಳು ಬಂದವು, ಬೆಲೆ ನೂರು ಡಾಲರ್ ಇಳಿಯಿತು. ಆ ವರ್ಷ ಕಂಪನಿಯ ಒಟ್ಟು ಮಾರಾಟ ಮತ್ತೆ ಮೇಲೇರಿತು, ಲಾಭವು 60 ಕೋಟಿ ಡಾಲರ್ ಮುಟ್ಟಿತು.

ಇದೆಲ್ಲವನ್ನು ಮೆಚ್ಚುವ ನಾನು ಮೌಸನ್ನು ಮಾತ್ರ ಸಮರ್ಥಿಸಲಾರೆ. ಬಿಲ್ಲೆಯಂತೆ ಪೂರ್ತಿ ದುಂಡಗಿರುವ ಇದನ್ನು ನೋಡದೆ ಹಿಡಿದರೆ ತುದಿ ಯಾವ ಕಡೆಗಿದೆ ಎಂಬುದೇ ತಿಳಿಯುವುದಿಲ್ಲ. ಕೈಯನ್ನು ಕರೆಯಲು ಹಿಡಿ ಇಟ್ಟವರು, ಕೈ ಸದಾ ಇರುವ ಜಾಗದಲ್ಲೇ ಎಡವಿದರು. 2000ದಲ್ಲಿ ಅದನ್ನು ಬದಲಾಯಿಸಿದರು.

ಈಗ ನನ್ನ ಧ್ವನಿಯ ಹಿಂದೆ ಸಣ್ಣದಾಗಿ ಕೇಳುತ್ತಿರುವ ಸದ್ದು ಈ ಯಂತ್ರದ ಫ್ಯಾನಿನದು. 1999ರ ಅಕ್ಟೋಬರಿನಲ್ಲಿ ಬಂದ ಐಮ್ಯಾಕ್‌ನಲ್ಲಿ ಆ ಫ್ಯಾನನ್ನೂ ತೆಗೆದುಹಾಕಿದರು. ಒಳಗಿನ ಬಿಸಿಗಾಳಿ ತಾನಾಗಿ ಮೇಲೇರಿ, ಹಿಡಿಯ ಬಳಿಯ ಕಿಂಡಿಗಳಿಂದ ಸದ್ದಿಲ್ಲದೆ ಹೊರಗೆ ಹೋಗುತ್ತಿತ್ತು.